ಕೆಲಸವಿಲ್ಲದ ಪೈಪು ಹಾಕಬೇಡಿ: ಶೆಡ್ಡಿನೊಳಗೊಂದು ಹಬೆ ಸಬ್‌ಮರೀನ್

ಉದ್ದ ಇದೆ, ಅಗಲ ಇಲ್ಲ ಅಂತ ಬೇಜಾರು ಹುಟ್ಟಿಸುವ ಶೆಡ್ಡು ನಿಮ್ಮ ಮನೆಯಲ್ಲಿದ್ದರೆ ಈ ಬರಹ ನಿಮಗೇ. ಮನೆಯ ಗೋಡೆಗೂ ಕಂಪೌಂಡಿಗೂ ನಡುವೆ ಉಳಿದ ಜಾಗಕ್ಕೆ ತಗಡು ಹೊದಿಸಿ ಮಾಡಿದ ಇಂಥ ಶೆಡ್ಡು ಹುಬ್ಬಳ್ಳಿಯಲ್ಲಿ ಎಷ್ಟೋ ಮನೆಗಳಿಗಿದೆ. ಉಣಕಲ್ ಕಡೆ ಇರುವ ನಮ್ಮ ಮನೆಯದು 7 ಅಡಿ ಅಗಲ, 18 ಅಡಿ ಉದ್ದ. ಹಗಲು ನನಗೆ ಪಾಲಿಟೆಕ್ನಿಕ್ ಒಂದರ ಮೆಕ್ಯಾನಿಕಲ್ ಲ್ಯಾಬಿನಲ್ಲಿ ಕೆಲಸ. ಸಂಜೆ ಈ ಶೆಡ್ಡಿನಲ್ಲಿ ಹಳೆಯ ಹೊಲಿಗೆ ಮಷಿನ್ ಬಿಚ್ಚಿ ರಿಪೇರಿ ಮಾಡುತ್ತೇನೆ. ಇಷ್ಟು ಇಕ್ಕಟ್ಟಾದ ಜಾಗವನ್ನು ಇನ್ನೇನೋ ಮಾಡಲು ಹೋದರೆ ಕಷ್ಟ. ಒಳಗನ್ನು ಸ್ಟೀಮ್‌ಪಂಕ್ ಶೈಲಿಯ ಸಬ್‌ಮರೀನಿನ ಹಾಗೆ ಅಲಂಕರಿಸಿದರೆ ಇಕ್ಕಟ್ಟೇ ಚಂದ ಕಾಣುತ್ತದೆ.

ಸ್ಟೀಮ್‌ಪಂಕ್ ಅನ್ನೋದು ಗೊತ್ತಿಲ್ಲದವರಿಗೆ ಎರಡು ಮಾತು. ಹಬೆ ಎಂಜಿನ್ನಿನ ಕಾಲ ಮುಗಿಯದೆ ಹಾಗೇ ಮುಂದುವರಿದಿದ್ದರೆ ಯಂತ್ರಗಳು ಹೇಗಿರುತ್ತಿದ್ದವು ಅಂತ ಊಹಿಸಿಕೊಂಡು ಮಾಡುವ ಅಲಂಕಾರ ಅದು. ಹಿತ್ತಾಳೆ, ತಾಮ್ರ, ರಿವೆಟ್, ತೇಗದ ಮರ, ಚರ್ಮ, ಒತ್ತಡ ತೋರಿಸುವ ಗುಂಡನೆಯ ಗೇಜುಗಳು. ಹಬೆಯಿಂದ ಓಡುವ ಸಬ್‌ಮರೀನ್ ಬರೀ ಕಲ್ಪನೆ ಅಂದುಕೊಳ್ಳಬೇಡಿ. ಇಂಗ್ಲೆಂಡಿನ ಜಾರ್ಜ್ ಗ್ಯಾರೆಟ್ ಎಂಬ ಪಾದ್ರಿ 1879ರಲ್ಲಿ ‘ರಿಸರ್ಗಮ್’ ಎಂಬ ಹಬೆ ಸಬ್‌ಮರೀನ್ ಕಟ್ಟಿಸಿದ್ದ. ಮೊದಲ ಮಹಾಯುದ್ಧದ ಹೊತ್ತಿಗೆ ಬ್ರಿಟಿಷ್ ನೌಕಾಪಡೆ ಕೆ-ದರ್ಜೆಯ ಹಬೆ ಸಬ್‌ಮರೀನ್‌ಗಳನ್ನೇ ಇಳಿಸಿತ್ತು. ಅವಕ್ಕೆ ಹೊಗೆ ಕೊಳವೆ ಬೇರೆ. ಮುಳುಗುವ ಮುಂಚೆ ಕೊಳವೆ ಮಡಚಿ, ಗಾಳಿಯ ಬಾಯಿಗಳನ್ನೆಲ್ಲ ಮುಚ್ಚಬೇಕು. 1917ರ ಜನವರಿಯಲ್ಲಿ ಕೆ-13 ಪರೀಕ್ಷೆಗೆ ಹೋದಾಗ ಗಾಳಿಯ ಬಾಯಿ ಸರಿಯಾಗಿ ಮುಚ್ಚಿರಲಿಲ್ಲ, ನೀರು ನುಗ್ಗಿ ತಳ ಸೇರಿತು. ಬಾಯ್ಲರ್ ಪಕ್ಕದಲ್ಲಿ ನಿಂತು ಕೆಲಸ ಮಾಡಿದವರ ಸೆಕೆ ಎಷ್ಟಿತ್ತೋ, ಏಪ್ರಿಲ್ ತಿಂಗಳಲ್ಲಿ ತಗಡಿನ ಶೆಡ್ಡಿನಲ್ಲಿ ಕೂತವರಿಗೆ ಸ್ವಲ್ಪ ಅಂದಾಜಾಗುತ್ತದೆ.

ಶುರು ಮಾಡುವ ಮುಂಚೆ ಒಂದು ನಿಯಮ ಹಾಕಿಕೊಳ್ಳಿ. ನಿಜವಾದ ಸಬ್‌ಮರೀನಿನಲ್ಲಿ ಅಲಂಕಾರಕ್ಕಂತ ಒಂದು ಮೊಳೆಯೂ ಇರಲ್ಲ. ಪ್ರತಿ ಪೈಪಿಗೂ ಒಂದು ಕೆಲಸ ಇರುತ್ತದೆ. ನೀವು ಹಾಕುವ ಪ್ರತಿ ಪೈಪೂ ವೈರನ್ನೋ ಗಾಳಿಯನ್ನೋ ಮಾತನ್ನೋ ಹೊರಬೇಕು, ಇಲ್ಲವೇ ಸ್ಕ್ರೂ ಡ್ರೈವರ್ ತೂಗುಹಾಕೋಕಾದರೂ ಆಗಬೇಕು. ಸುಮ್ನೆ ಗೋಡೆಗೆ ಅಂಟಿಸಿದ ಹಲ್ಲುಚಕ್ರ ಮದುವೆ ಮಂಟಪದ ಥರ್ಮೋಕೋಲ್ ಕಂಬದ ಹಾಗೆ, ಫೋಟೋದಲ್ಲಷ್ಟೇ ಚಂದ. ಆರು ತಿಂಗಳಿಗೆ ಧೂಳು ಹಿಡಿದು ನಿಮಗೇ ಬೇಸರ ಬರುತ್ತದೆ. ಕೆಲಸ ಮಾಡುವ ವಸ್ತುವನ್ನು ಕೈ ದಿನಾ ಮುಟ್ಟುತ್ತದೆ. ಹಾಗಾಗಿ ಅದು ಹಳೆಯದಾದರೂ ಚಂದವಾಗೇ ಹಳೆಯದಾಗುತ್ತದೆ.

ಒಮ್ಮೆ ನಿಜವಾದ ಹಡಗಿನ ಒಳಗೆ ಹೋಗಿ ಬಂದರೆ ಒಳ್ಳೆಯದು. ನಮಗೆ ಹತ್ತಿರದ್ದು ಕಾರವಾರ. ಕಡಲತೀರದಲ್ಲಿರುವ ಐಎನ್‌ಎಸ್ ಚಪಲ್ ಈಗ ವಸ್ತುಸಂಗ್ರಹಾಲಯ. ಅದು ಸಬ್‌ಮರೀನ್ ಅಲ್ಲ, ಕ್ಷಿಪಣಿ ದೋಣಿ. ಆದರೂ ಪೈಪು, ವಾಲ್ವು, ಗೇಜುಗಳನ್ನು ಗೋಡೆಗೆ ಹೇಗೆ ಹಿಡಿಸಿದ್ದಾರೆ ಅಂತ ನೋಡಬಹುದು. ಸಬ್‌ಮರೀನೇ ಬೇಕಂದರೆ ವಿಶಾಖಪಟ್ಟಣದ ಕಡಲತೀರದಲ್ಲಿ ಐಎನ್‌ಎಸ್ ಕುರ್ಸುರ ಇದೆ. ಊರಲ್ಲೇ ಅಂದರೆ ಹುಬ್ಬಳ್ಳಿಯ ರೈಲ್ವೆ ಮ್ಯೂಸಿಯಂ. ಹಳೆಯ ರೈಲಿನ ಕಬ್ಬಿಣ, ಹಿತ್ತಾಳೆ, ಮರ ಮೂರೂ ಒಟ್ಟಿಗೆ ಹೇಗೆ ಕೂತಿವೆ ಅನ್ನೋದಕ್ಕೆ ಅದಕ್ಕಿಂತ ಹತ್ತಿರದ ಪಾಠ ಇಲ್ಲ. ಮೊಬೈಲಿನಲ್ಲಿ ಇಡೀ ಯಂತ್ರದ ಫೋಟೋ ತೆಗೆಯಬೇಡಿ. ಜೋಡಣೆಗಳ ಫೋಟೋ ತೆಗೆಯಿರಿ. ಪೈಪು ಗೋಡೆಗೆ ಸೇರುವ ಜಾಗ, ಬೋಲ್ಟುಗಳ ನಡುವಿನ ಅಂತರ, ಬಣ್ಣ ಸವೆದ ಅಂಚು.

ಈಗ ಚಾವಣಿ. ಏಳು ಅಡಿ ಅಗಲಕ್ಕೆ ಪೂರ್ತಿ ಅರ್ಧ ವೃತ್ತದ ಕಮಾನು ಮಾಡಿದರೆ ತ್ರಿಜ್ಯ ಮೂರೂವರೆ ಅಡಿ. ಸೂರು ಒಂಬತ್ತು ಅಡಿ ಎತ್ತರದಲ್ಲಿದ್ದರೆ ಕಮಾನು ಐದೂವರೆ ಅಡಿಯಲ್ಲೇ ಬಾಗತೊಡಗುತ್ತದೆ. ಗೋಡೆ ಪಕ್ಕ ಹೋದಾಗೆಲ್ಲ ತಲೆ ತಾಗುತ್ತದೆ, ಶೆಲ್ಫಿಗೂ ಜಾಗ ಇರಲ್ಲ. ಅದರ ಬದಲು ಗೋಡೆ ಮತ್ತು ಸೂರು ಕೂಡುವ ಮೂಲೆಗಳಲ್ಲಿ ಮಾತ್ರ ಒಂದೂವರೆ ಅಡಿ ತ್ರಿಜ್ಯದ ಕಾಲು ವೃತ್ತ ಕೊಡಿ. ಕಣ್ಣಿಗೆ ಪೂರ್ತಿ ಕೊಳವೆಯ ಹಾಗೇ ಕಾಣುತ್ತದೆ. 25 ಮಿಮೀ ಅಗಲ, 3 ಮಿಮೀ ದಪ್ಪದ ಕಬ್ಬಿಣದ ಪಟ್ಟಿಯನ್ನು ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನ ಕಡೆ ಯಾವ ಫ್ಯಾಬ್ರಿಕೇಶನ್ ಅಂಗಡಿಗೆ ಒಯ್ದರೂ ಬಾಗಿಸಿ ಕೊಡುತ್ತಾರೆ. ರಟ್ಟಿನಲ್ಲಿ ಅಳತೆ ಕತ್ತರಿಸಿ ಒಯ್ಯಿರಿ, ಬಾಯಲ್ಲಿ ಹೇಳಬೇಡಿ. ಮೂರು ಅಡಿಗೊಂದು ಪಟ್ಟಿ ಸಾಕು.

ಪಟ್ಟಿಗಳ ಮೇಲೆ ಸಾದಾ ಜಿಐ ತಗಡು, ಅಂದರೆ ಸತು ಲೇಪಿಸಿದ್ದು, ಅರ್ಧ ಮಿಮೀ ದಪ್ಪದ್ದು. ಕೈಯಲ್ಲೇ ಬಾಗುತ್ತದೆ. ಥರ್ಮೋಕೋಲ್, ಫೋಮ್ ಶೀಟ್, ಬಟ್ಟೆ ಬೇಡವೇ ಬೇಡ. ಗ್ರೈಂಡರ್ ಹಿಡಿಯುವ ಜಾಗದಲ್ಲಿ ಒಂದು ಕಿಡಿ ಸಾಕು. ಹಳೆಯ ಸೂರಿಗೂ ಈ ತಗಡಿಗೂ ನಡುವೆ ಎರಡು ಇಂಚು ರಾಕ್ ವೂಲ್ (ಕಲ್ಲು ಕರಗಿಸಿ ಮಾಡಿದ ಉಣ್ಣೆಯಂಥ ಎಳೆ) ತುಂಬಿಸಿ. ಅದು ಬೆಂಕಿ ಹಿಡಿಯಲ್ಲ, ಸೆಕೆಯನ್ನೂ ತಡೆಯುತ್ತದೆ. ತುಂಬಿಸುವಾಗ ಕೈಗವಸು, ಮಾಸ್ಕ್ ಇರಲಿ, ಇಲ್ಲದಿದ್ದರೆ ಮೈಯೆಲ್ಲ ತುರಿಕೆ. ಹೊಸ ಜಿಐ ತಗಡಿಗೆ ಬಣ್ಣ ಅಂಟಲ್ಲ. ಮೊದಲು ವಿನೆಗರ್ ಹಚ್ಚಿ ಒರೆಸಿ, ನೀರಲ್ಲಿ ತೊಳೆದು, ಪೂರ್ತಿ ಒಣಗಿದ ಮೇಲೆ ಪ್ರೈಮರ್ ಹೊಡೆಯಿರಿ.

ರಿವೆಟ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ತಗಡಿಗೆ ನಿಜವಾದ ಪಾಪ್ ರಿವೆಟ್ಟೇ ಹೊಡೆಯಿರಿ. ಮರದ ಮೇಲೆ ಬೇಕಾದರೆ ಸೋಫಾಕ್ಕೆ ಹೊಡೆಯುವ ಗುಂಡುತಲೆಯ ಮೊಳೆ. ಪೈಪಿನ ಮೇಲಾದರೆ ಜವಳಿ ಸಾಲಿನ ಕಡೆ ಬ್ಲೌಸಿಗೆ ಅಂಟಿಸಲು ಸಿಗುವ ಅರ್ಧ ಮಣಿ. ಕೆಲವರು ಕಡಲೆಬೇಳೆ ಅಂಟಿಸಿ ಬಣ್ಣ ಹೊಡೆಯುತ್ತಾರೆ. ನೋಡೋಕೆ ರಿವೆಟ್ಟೇ, ಆದರೆ ಹುಳು ಬಿಡಬೇಕಲ್ಲ.

ಪೈಪುಗಳಿಗೆ ಪಿವಿಸಿ ಸಾಕು, ತಾಮ್ರ ಕೊಳ್ಳಲು ಹೋಗಬೇಡಿ. 110 ಮಿಮೀದು ಒಂದು, 50 ಮಿಮೀದು ಎರಡು, ಉಳಿದದ್ದು 25 ಮಿಮೀ. ದಪ್ಪ ಪೈಪು ಒಂದೇ ಇದ್ದರೆ ಸಣ್ಣವು ಜಾಸ್ತಿ ಇರುವ ಹಾಗೆ ಕಾಣುತ್ತದೆ. ದಪ್ಪದ್ದರೊಳಗೆ ಗರಗಸದ ಧೂಳು ಎಳೆಯುವ ವ್ಯಾಕ್ಯೂಮ್ ಲೈನ್, ಸಣ್ಣದರೊಳಗೆ ವೈರಿಂಗ್. ಪೈಪು ಪೈಪಿಗೆ ಕೂಡುವಲ್ಲಿ 12 ಮಿಮೀ ಪ್ಲೈವುಡ್ಡಿನ ಬಳೆ ಕತ್ತರಿಸಿ ಹಾಕಿ, ಸುತ್ತಲೂ ಆರು ಬೋಲ್ಟು ಕೊಡಿ. ಇದೇ ಫ್ಲೇಂಜ್. ಈ ಬಳೆಗಳಿಲ್ಲದ ಪೈಪು ಎಷ್ಟು ಬಣ್ಣ ಹೊಡೆದರೂ ಬಚ್ಚಲಿನ ಪೈಪಿನ ಹಾಗೇ ಕಾಣುತ್ತದೆ.

ಬಣ್ಣದ ಮೇಲೆ ಸಮಯ ಹಾಕಿ. ಇಡೀ ಕೆಲಸದ ಜೀವ ಅಲ್ಲೇ ಇರುವುದು. ಪಿವಿಸಿಯ ಹೊಳಪನ್ನು 220 ನಂಬರಿನ ಪಾಲಿಶ್ ಪೇಪರಿನಿಂದ ತೆಗೆಯಿರಿ. ಮೇಲೆ ಪ್ರಿಂಟಾದ ಕಂಪನಿ ಹೆಸರು ಪೂರ್ತಿ ಹೋಗಬೇಕು, ಇಲ್ಲದಿದ್ದರೆ ಬಣ್ಣದಡಿಯಿಂದ ಇಣುಕುತ್ತದೆ. ಪ್ಲಾಸ್ಟಿಕ್ ಪ್ರೈಮರ್, ಅದರ ಮೇಲೆ ಮ್ಯಾಟ್ ಕಪ್ಪು. ನೇರವಾಗಿ ತಾಮ್ರದ ಬಣ್ಣ ಹೊಡೆದರೆ ಗಿಫ್ಟ್ ಪೇಪರಿನ ಹೊಳಪು ಬರುತ್ತದೆ, ಲೋಹದ ತೂಕ ಬರಲ್ಲ. ಕಪ್ಪು ಒಣಗಿದ ಮೇಲೆ ವಾರ್ನಿಷ್‌ನಲ್ಲಿ ಕಲಸಿದ ಬ್ರಾಂಜ್ ಪುಡಿಯನ್ನು ಬ್ರಷ್‌ನ ತುದಿಗೆ ತುಸುವೇ ತಗೊಳ್ಳಿ. ಹಳೆ ಪೇಪರಿನ ಮೇಲೆ ಉಜ್ಜಿ ಬ್ರಷ್ ಹೆಚ್ಚುಕಡಿಮೆ ಒಣಗಿಸಿ. ಆಮೇಲೆ ಪೈಪಿನ ಮೇಲೆ ಹಗುರಾಗಿ ಎಳೆಯಿರಿ. ಉಬ್ಬಿದ ಜಾಗಕ್ಕೆ ಲೋಹ ಹತ್ತುತ್ತದೆ, ಸಂದುಗಳಲ್ಲಿ ಕಪ್ಪು ಉಳಿಯುತ್ತದೆ.

ಕಿಲುಬಿನ ಹಸಿರಿಗೆ ಅಕ್ರಿಲಿಕ್ ಹಸಿರು-ನೀಲಿಯನ್ನು ತುಂಬಾ ನೀರು ಮಾಡಿಕೊಂಡು ಹಚ್ಚಬೇಕು. ಎಲ್ಲಿ ಬೇಕಾದಲ್ಲಿ ಹಚ್ಚೋದಲ್ಲ. ಇಲ್ಲಿ ನೀರು ಸೋರಿದರೆ ಎಲ್ಲಿ ನಿಲ್ಲುತ್ತದೆ, ಎಲ್ಲಿಂದ ಇಳಿಯುತ್ತದೆ ಅಂತ ಯೋಚಿಸಿ. ಫ್ಲೇಂಜಿನ ಅಡಿ, ಬೋಲ್ಟಿನ ಕೆಳಗೆ, ಬಾಗಿದ ಪೈಪಿನ ಹೊಟ್ಟೆ. ಅದೇ ರೀತಿ ಕೈ ಎಲ್ಲಿ ಮುಟ್ಟುತ್ತದೆ ಅಂತಲೂ ಯೋಚಿಸಿ. ವಾಲ್ವಿನ ಚಕ್ರದ ಅಂಚು, ಡ್ರಾಯರ್ ಹಿಡಿಕೆ ಹೊಳೆಯಬೇಕು. ನಿಜವಾದ ಹಿತ್ತಾಳೆ ತುಂಡು ಸಿಕ್ಕಿದರೆ ಅದಕ್ಕೆ ಬಣ್ಣ ಹೊಡೆಯಬೇಡಿ. ಉಪ್ಪು ಬೆರೆಸಿದ ವಿನೆಗರ್ ಹಚ್ಚಿ ಮುಚ್ಚಳದ ಡಬ್ಬಿಯಲ್ಲಿಡಿ. ತಾನಾಗಿ ಕಿಲುಬು ಹಿಡಿಯುತ್ತದೆ. ಬೇಕಾದಷ್ಟು ಆದಾಗ ಒಣಗಿಸಿ ಪಾರದರ್ಶಕ ಲ್ಯಾಕರ್ ಹೊಡೆಯಿರಿ.

ಗೇಜುಗಳು ನನ್ನ ಇಷ್ಟದ ಭಾಗ. ಗುಜರಿ ಅಂಗಡಿಯವರು ಮುರಿದ ಗೇಜುಗಳನ್ನು ತೂಕಕ್ಕೆ ಕೊಡುತ್ತಾರೆ. ನಾನು ಹೋಗುವ ಅಂಗಡಿಯವನು ಮೊದಮೊದಲು ತಡೆಯುತ್ತಿದ್ದ. “ಅಕ್ಕಾರ, ಇದು ನಡಿಯಂಗಿಲ್ರಿ.” “ನಡೀಲಾರದ್ದ ಬೇಕ್ರಿ” ಅಂದರೆ ನಗುತ್ತಿದ್ದ. ಗೇಜಿನ ಒಳಗಿರುವುದು ಯುಜೀನ್ ಬೂರ್ಡಾನ್ ಎಂಬ ಫ್ರೆಂಚ್ ಕುಶಲಕರ್ಮಿ 1849ರಲ್ಲಿ ಪೇಟೆಂಟ್ ಪಡೆದ ಉಪಾಯ. ಚಪ್ಪಟೆ ಮಾಡಿ ಬಾಗಿಸಿದ ಹಿತ್ತಾಳೆ ಕೊಳವೆ. ಒಳಗೆ ಒತ್ತಡ ಬಿದ್ದರೆ ಅದು ನೆಟ್ಟಗಾಗಲು ನೋಡುತ್ತದೆ, ಆ ಎಳೆತಕ್ಕೆ ಸಣ್ಣ ಹಲ್ಲುಚಕ್ರ ತಿರುಗಿ ಮುಳ್ಳು ಸರಿಯುತ್ತದೆ. ಗಾಜು ಬಿಚ್ಚಿ, ಮುಳ್ಳನ್ನು ಎರಡು ಚಮಚದ ತುದಿಯಿಂದ ಮೆಲ್ಲಗೆ ಎತ್ತಿ, ಒಳಗಿನ ಮುಖಕ್ಕೆ ನೀವೇ ಬರೆದ ಮುಖ ಪ್ರಿಂಟ್ ಮಾಡಿಸಿ ಅಂಟಿಸಿ.

ಸತ್ತ ಗೇಜುಗಳ ನಡುವೆ ಒಂದಾದರೂ ಬದುಕಿರಲಿ. ನೀರಿನಲ್ಲಿ ಪ್ರತಿ 10 ಮೀಟರ್ ಇಳಿದಂತೆ ಒತ್ತಡ ಹೆಚ್ಚುಕಡಿಮೆ ಚದರ ಸೆಂಟಿಮೀಟರಿಗೆ 1 ಕಿಲೋ ಏರುತ್ತದೆ. ಅಂದರೆ 0–10 ಕಿಲೋ ಗೇಜಿನ ಮೇಲೆ 0–100 ಮೀಟರ್ ಅಂತ ಬರೆದರೆ ಅದು ಸರಿಯಾದ ಆಳದ ಗೇಜೇ. ನನ್ನ ಏರ್ ಕಂಪ್ರೆಸರಿಗೆ ಇಂಥದ್ದೊಂದು ಜೋಡಿಸಿದ್ದೇನೆ. ‘ಆಳ, ಮೀಟರ್’ ಅಂತ ಬರೆದು ಕನ್ನಡ ಅಂಕಿ ಹಾಕಿದ್ದೇನೆ. ಕಂಪ್ರೆಸರ್ ತುಂಬಿದಂತೆ ಸಬ್‌ಮರೀನ್ ಎಂಬತ್ತು ಮೀಟರಿಗೆ ಇಳಿಯುತ್ತದೆ. ಹೊಲಿಗೆ ಮಷಿನಿನ ಒಳಗೆ ಕೂತ ನೂಲಿನ ಧೂಳಿಗೆ ಗಾಳಿ ಹೊಡೆದರೆ ಮುಳ್ಳು ಹಿಂದೆ ಬಂದು ನಾವು ಮೇಲೇಳುತ್ತೇವೆ. ಬರೀ ಧೂಳು ಹೊಡೆಯೋ ಕೆಲಸಕ್ಕೆ ಇಷ್ಟು ಸಡಗರ ಬೇಕಾ ಅಂದರೆ, ಹೌದು, ಬೇಕು. ಆದರೆ ಒಂದು ಎಚ್ಚರಿಕೆ. ಒತ್ತಡದ ಗಾಳಿಯನ್ನು ಪಿವಿಸಿ ಪೈಪಿನಲ್ಲಿ ಬಿಡಲೇಬಾರದು. ಅದು ಒಡೆದರೆ ಚೂರುಚೂರಾಗಿ ಸಿಡಿಯುತ್ತದೆ. ಕಂಪ್ರೆಸರಿಗಂತಲೇ ಬರುವ ಹೋಸ್‌ನಲ್ಲೇ ಗಾಳಿ ಹೋಗಲಿ. ಹೊರಗಿನ ಪಿವಿಸಿ ಅದಕ್ಕೆ ಅಂಗಿ ಮಾತ್ರ.

ಕಿಟಕಿಗಳಿಗೆ, ಅಂದರೆ ಹಡಗಿನ ಗುಂಡು ಕಿಟಕಿಗಳಿಗೆ, ಪ್ಲೈವುಡ್ಡಿನಲ್ಲಿ ಹೊರಗೆ 14 ಇಂಚು, ಒಳಗೆ 10 ಇಂಚಿನ ಬಳೆ ಕತ್ತರಿಸಿ. ಸುತ್ತ ಎಂಟು ಡೋಮ್ ನಟ್. ಅದರ ಹಿಂದೆ ನಾಲ್ಕು ಇಂಚು ಆಳದ ಡಬ್ಬಿ. ಮುಂದೆ ಪಾರದರ್ಶಕ ಅಕ್ರಿಲಿಕ್, ಹಿಂದೆ ಹಾಲುಬಣ್ಣದ್ದು. ನೀರಿನ ಅಲೆ ಗೋಡೆ ಮೇಲೆ ಆಡಬೇಕಾದರೆ ಎಲ್‌ಇಡಿ ಪಟ್ಟಿ ಸಾಲದು. ಒಂದೇ ಬಿಂದುವಿನಿಂದ ಬೆಳಕು ಬರುವ 3 ವ್ಯಾಟಿನ ಎಲ್‌ಇಡಿ ಬೇಕು. ಅದರ ಮುಂದೆ ಸುಕ್ಕುಸುಕ್ಕಾದ ಪಾರದರ್ಶಕ ಪ್ಲಾಸ್ಟಿಕ್ಕಿನ ತಟ್ಟೆ ನಿಧಾನಕ್ಕೆ ತಿರುಗಬೇಕು. ಕೆಟ್ಟ ಮೈಕ್ರೋವೇವ್ ಓವನ್ನಿನಲ್ಲಿ ಗಾಜಿನ ತಟ್ಟೆ ತಿರುಗಿಸುವ ಮೋಟರ್ ಇದಕ್ಕೆ ಹೇಳಿ ಮಾಡಿಸಿದ್ದು, ನಿಮಿಷಕ್ಕೆ ಐದಾರು ಸುತ್ತು. ಕೆಲವು 21 ಅಥವಾ 30 ವೋಲ್ಟಿನವು, ಕೆಲವು 230ರವು. ಮೇಲಿನ ಚೀಟಿ ಓದಿ ಜೋಡಿಸಿ. ಓವನ್ನನ್ನು ನೀವೇ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್ ಪ್ರಾಣ ತೆಗೆಯುವಷ್ಟು ಕರೆಂಟು ಹಿಡಿದಿಟ್ಟಿರಬಹುದು. ರಿಪೇರಿಯವರ ಹತ್ತಿರ ಮೋಟರ್ ಮಾತ್ರ ಕೇಳಿ ತಗೊಳ್ಳಿ.

ಕಿಟಕಿಯಾಚೆ ಏನಿರಬೇಕು? ಎಲ್ಲರೂ ತಿಮಿಂಗಿಲ, ಆಕ್ಟೋಪಸ್ ಬರೆಯುತ್ತಾರೆ. ನನ್ನ ಸಬ್‌ಮರೀನ್ ಉಣಕಲ್ ಕೆರೆಯಲ್ಲೇ ಓಡುತ್ತದೆ. ಹಾಗಾಗಿ ಮೇಲಿಂದ ಜೋತುಬಿದ್ದ ಅಂತರಗಂಗೆಯ ಬೇರುಗಳು, ಅವುಗಳ ನಡುವೆ ಎರಡು ಕಾಟ್ಲಾ ಮೀನು. ಆಳದ ಗೇಜು ಎಂಬತ್ತು ಮೀಟರ್ ತೋರಿಸುವಾಗ ಕೆರೆ ಸ್ವಲ್ಪ ಕಮ್ಮಿ ಬೀಳುತ್ತದೆ, ಇರಲಿ.

ಮಾತಿನ ಕೊಳವೆ ಇಲ್ಲದ ಸಬ್‌ಮರೀನ್ ನನಗೆ ಒಪ್ಪಿಗೆ ಇಲ್ಲ. ಫೋನ್ ಬರುವ ಮುಂಚೆ ಹಡಗುಗಳಲ್ಲಿ ಕ್ಯಾಪ್ಟನ್ ಎಂಜಿನ್ ಕೋಣೆಗೆ ಹೇಳಬೇಕಾದ್ದನ್ನು ಕೊಳವೆಯಲ್ಲೇ ಹೇಳುತ್ತಿದ್ದ. ಇದು ನಿಜವಾಗಿಯೂ ಕೆಲಸ ಮಾಡುತ್ತದೆ, ಬ್ಯಾಟರಿ ಬೇಡ. ಶೆಡ್ಡಿನಿಂದ ಅಡುಗೆಮನೆಗೆ 50 ಮಿಮೀ ಪೈಪು ಎಳೆಯಿರಿ. ತಿರುವಿನಲ್ಲಿ 90 ಡಿಗ್ರಿ ಎಲ್ಬೋ ಹಾಕಬೇಡಿ, 45ರ ಎರಡು ಹಾಕಿ, ದನಿ ಸರಾಗ ಹೋಗುತ್ತದೆ. ಪೈಪು ಗೋಡೆಗೆ ತಾಗುವ ಕಡೆ ರಬ್ಬರ್ ಕೊಡಿ. ಎರಡೂ ತುದಿಗೆ ಹಿತ್ತಾಳೆಯ ಆಲಿಕೆ. ಆಲಿಕೆಗೆ ಬಿಗಿಯಾಗಿ ಕೂರುವ ಬಿರಡೆ, ಬಿರಡೆಯಲ್ಲೊಂದು ಸೀಟಿ. ಆ ಕಡೆಯಿಂದ ಊದಿದರೆ ಈ ಕಡೆಯ ಸೀಟಿ ಕೂಗುತ್ತದೆ. ಬಿರಡೆ ತೆಗೆದು ಕಿವಿ ಇಟ್ಟರೆ ಮಾತು. ಬಿರಡೆ ಇಲ್ಲದಿದ್ದರೆ ಜಿರಲೆಗಳಿಗೆ ಅಡುಗೆಮನೆಗೆ ಹೊಸ ದಾರಿ ಮಾಡಿಕೊಟ್ಟಂತೆ. ನಮ್ಮ ಅತ್ತೆಯವರಿಗೆ ಮೊದಲು ಇದೆಲ್ಲ ಹುಡುಗಾಟ ಅನ್ನಿಸಿತ್ತು. ಈಗ ಅವರೇ ಊದುತ್ತಾರೆ. “ಚಾ ಆರಾಕತ್ತೈತಿ, ಮ್ಯಾಲೆ ಬಾರವಾ.”

ಫ್ಯಾನಿನ ರೆಗ್ಯುಲೇಟರನ್ನು ಎಂಜಿನ್ ಟೆಲಿಗ್ರಾಫ್ ಮಾಡಿ. ಹಡಗಿನಲ್ಲಿ ವೇಗದ ಅಪ್ಪಣೆ ಕೊಡುವ, ಹಿಡಿಕೆ ಇರುವ ಗುಂಡು ಡಯಲ್ ಅದು. ರೆಗ್ಯುಲೇಟರಿನ ಪ್ಲಾಸ್ಟಿಕ್ ತಿರುಗಣೆ ಹಾಗೇ ಇರಲಿ, ಅದರ ಮೇಲೆ ಮರದ ಹಿಡಿಕೆ ಕೂರಿಸಿ. ಲೋಹದ ಹಿಡಿಕೆ ಬೇಡ. ಡಯಲ್ ಮೇಲೆ ‘ನಿಲ್ಲ’, ‘ಸಾವಕಾಶ’, ‘ಅರ್ಧಾ’, ‘ಪೂರಾ’ ಅಂತ ನಮ್ಮ ಮಾತಲ್ಲೇ ಬರೆಯಿರಿ. ಇಂಗ್ಲಿಷ್ ಅಕ್ಷರ ಹಾಕಿದರೆ ಯಾವುದೋ ಹೋಟೆಲಿನ ಅಲಂಕಾರದ ಹಾಗೆ ಕಾಣುತ್ತದೆ.

ಬೆಳಕಿನ ವಿಷಯದಲ್ಲಿ ಹಟ ಮಾಡಬೇಡಿ. ಹಳದಿ ತಂತಿ ಕಾಣುವ ಎಲ್‌ಇಡಿ ಬಲ್ಬು ನೋಡೋಕೆ ಚಂದ, ಆದರೆ ಅದರ ಬೆಳಕಲ್ಲಿ ಸೂಜಿಗೆ ದಾರ ಪೋಣಿಸಲಾಗದು. ಟೇಬಲ್ ಮೇಲೆ ಒಳ್ಳೆಯ ಬಿಳಿ ಬೆಳಕೇ ಇರಲಿ. ಗೋಡೆಗಳಿಗೆ ಕಬ್ಬಿಣದ ಜಾಲರಿ ಇರುವ ಬಲ್ಕ್‌ಹೆಡ್ ಲೈಟು ಹಾಕಿ, ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುತ್ತದೆ. ಸಬ್‌ಮರೀನ್‌ಗಳಲ್ಲಿ ರಾತ್ರಿ ಕಣ್ಣು ಕತ್ತಲೆಗೆ ಹೊಂದಿಕೊಂಡೇ ಇರಲಿ ಅಂತ ಕೆಂಪು ದೀಪ ಹಾಕುವ ರೂಢಿ ಇದೆ. ನಮಗೆ ಅದು ಕರೆಂಟು ಹೋದಾಗ ಬೇಕು. 230 ವೋಲ್ಟ್ ಕಾಯಿಲ್ ಇರುವ ರಿಲೇ ಒಂದು, 12 ವೋಲ್ಟ್ 7 ಆಂಪಿಯರ್-ಅವರ್ ಬ್ಯಾಟರಿ, ಎರಡು ಮೀಟರ್ ಕೆಂಪು ಎಲ್‌ಇಡಿ ಪಟ್ಟಿ. ಕರೆಂಟು ಇದ್ದಾಗ ರಿಲೇ ಎಳೆದುಕೊಂಡಿರುತ್ತದೆ. ಹೋದ ತಕ್ಷಣ ಬಿಟ್ಟು, ಬ್ಯಾಟರಿಯನ್ನು ಪಟ್ಟಿಗೆ ಸೇರಿಸುತ್ತದೆ. ಬ್ಯಾಟರಿಗೆ ಫ್ಯೂಸ್ ಮರೆಯಬೇಡಿ. ಗ್ರೈಂಡರ್ ಕೈಯಲ್ಲಿದ್ದಾಗ ಪೂರ್ತಿ ಕತ್ತಲಾಗದಿರುವುದು ದೊಡ್ಡ ಉಪಕಾರ. ಮೇನ್ಸ್ ವೈರಿಂಗ್ ಮಾತ್ರ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಲಿ ಮಾಡಿಸಿ. ಕರೆಂಟು ಸೋರಿದರೆ ತಕ್ಷಣ ಲೈನ್ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಸ್ವಿಚ್ ಹಾಕಿಸಿ. ತಗಡು, ಪಟ್ಟಿ, ಲೋಹದ್ದು ಏನಿದೆಯೋ ಎಲ್ಲಕ್ಕೂ ಅರ್ತಿಂಗ್ ಆಗಲೇಬೇಕು. ಇಡೀ ಕೋಣೆಯೇ ಲೋಹ ಅನ್ನೋದನ್ನು ಮರೆಯಬಾರದು ಅಲ್ವಾ.

ಸಾಮಾನು ಇಡೋಕೆ ನನ್ನ ಶಿಫಾರಸು ಗದಗಿನದು. ಗದಗ-ಬೆಟಗೇರಿ ಮುದ್ರಣಕ್ಕೆ ಹೆಸರಾದ ಊರು. ಆಫ್‌ಸೆಟ್ ಮುದ್ರಣ ಬಂದ ಮೇಲೆ ಅಚ್ಚಿನ ಮೊಳೆ, ಅಂದರೆ ಒಂದೊಂದು ಅಕ್ಷರದ ಲೋಹದ ತುಂಡು, ಇಡುವ ಮರದ ಕೇಸುಗಳು ಹಳೆಯ ಪ್ರೆಸ್‌ಗಳ ಅಟ್ಟ ಸೇರಿವೆ. ವಿಚಾರಿಸಿದರೆ ಸಿಗುತ್ತವೆ. ಕನ್ನಡಕ್ಕೆ ಒತ್ತಕ್ಷರ, ಕಾಗುಣಿತ ಅಂತ ಮೊಳೆಗಳು ಜಾಸ್ತಿ. ಹಾಗಾಗಿ ಗೂಡುಗಳೂ ಜಾಸ್ತಿ. ಸ್ಕ್ರೂ, ವಾಷರ್, ಬಾಬಿನ್, ಸೂಜಿ ಎಲ್ಲಕ್ಕೂ ಒಂದೊಂದು ಮನೆ. ಅಚ್ಚಿನ ಮೊಳೆ ಸೀಸದ್ದು, ಅದರ ಧೂಳು ವಿಷ. ಕೇಸನ್ನು ಒಣ ಬ್ರಷ್‌ನಿಂದ ಝಾಡಿಸಬೇಡಿ. ಮಾಸ್ಕ್ ಹಾಕಿ ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆ ಎಸೆದು, ಗೂಡುಗಳಿಗೆ ಎರಡು ಕೋಟ್ ವಾರ್ನಿಷ್ ಕೊಡಿ.

ಬಾಗಿಲಿಗೆ ಹೊಲಿಗೆ ಮಷಿನಿನ ಕಾಲುಸ್ಟ್ಯಾಂಡಿನ ದೊಡ್ಡ ಚಕ್ರ ಹಾಕಿದ್ದೇನೆ. ಬೀಡುಕಬ್ಬಿಣದ್ದು, ಹ್ಯಾಚಿನ, ಅಂದರೆ ಸಬ್‌ಮರೀನಿನ ಬಾಗಿಲಿನ, ಚಕ್ರಕ್ಕೆ ಅದಕ್ಕಿಂತ ಒಳ್ಳೆಯದು ಸಿಗಲ್ಲ. ಚಕ್ರದ ಹಿಂದೆ ಒಂದು ತಟ್ಟೆ, ತಟ್ಟೆಯ ಎದುರುಬದುರು ತುದಿಗೆ ಎರಡು ಸರಳು. ಕಾಲು ಸುತ್ತು ತಿರುಗಿಸಿದರೆ ಸರಳುಗಳು ಮೇಲೆ ಕೆಳಗೆ ಸರಿದು ಚಿಲಕ ಬೀಳುತ್ತದೆ. ಹೊರಗಿನಿಂದ ಬೀಗ ಬಿದ್ದರೂ ಒಳಗಿನಿಂದ ಬಾಗಿಲು ತೆರೆಯುವಂತಿರಲಿ, ಮತ್ತು ಹೊರಗೆ ತೆರೆಯಲಿ. ನಿಜವಾದ ಸಬ್‌ಮರೀನಿನ ಹಾಗೆ ಒಂದಡಿ ಎತ್ತರದ ಹೊಸ್ತಿಲು ಮಾಡುವ ಆಸೆ ಬರುತ್ತದೆ. ಎರಡೂ ಕೈಯಲ್ಲಿ ಮಷಿನ್ ಹಿಡಿದು ಒಳಗೆ ಬರುವವರನ್ನು ನೆನೆದು ಆ ಆಸೆ ಬಿಡಿ. ಬಾಗಿಲ ಮೇಲೆ ಕಮಾನಿನ ಆಕಾರ ಕೊಟ್ಟರೆ ಸಾಕು.

ಸಬ್‌ಮರೀನಿನೊಳಗಿಂದ ನೀರಿನ ಮೇಲೆ ನೋಡುವ ಕೊಳವೆ, ಪೆರಿಸ್ಕೋಪ್, ಕೊನೆಗೆ. ಸೂರಿನ ಮೇಲೆ ಎದ್ದ ಆ ಕೊಳವೆಯೊಳಗೆ ಎಕ್ಸಾಸ್ಟ್ ಫ್ಯಾನ್ ಕೂರಿಸಿ, ಬಾಯಿ ಮಳೆಗೆ ಬೆನ್ನು ಮಾಡಿರಲಿ. ನಮ್ಮ ಕಡೆ ಮಳೆಗಾಳಿ ಪಶ್ಚಿಮದಿಂದ ಬೀಸುತ್ತದೆ, ಹಾಗಾಗಿ ಬಾಯಿ ಪೂರ್ವಕ್ಕೆ. ಬಣ್ಣ, ಲ್ಯಾಕರ್ ಹೊಡೆಯುವ ದಿನ ಈ ಫ್ಯಾನಿನ ಭರವಸೆಯಲ್ಲೇ ಇರಬೇಡಿ, ಪೈಪುಗಳನ್ನು ಅಂಗಳಕ್ಕೆ ಒಯ್ದು ಹೊಡೆಯಿರಿ.

ಮಳೆಗಾಲ ಮುಗಿದ ಮೇಲೆ ಒಮ್ಮೆ ಎಲ್ಲ ಬೋಲ್ಟು ಬಿಗಿ ಮಾಡಿ, ಕಬ್ಬಿಣದ ಪಟ್ಟಿಗಳಿಗೆ ಎಣ್ಣೆ ಬಟ್ಟೆ ಆಡಿಸಿ, ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ ನೋಡಿ. ಅದಾದ ಮೇಲೆ ದೀಪಾವಳಿ ಬರುತ್ತದೆ, ಮನೆಯ ಹಿತ್ತಾಳೆಯೆಲ್ಲ ತಿಕ್ಕುವ ಕಾಲ. ಕಷ್ಟಪಟ್ಟು ಕಿಲುಬು ಹಿಡಿಸಿದ ಆಲಿಕೆ, ಗೇಜುಗಳು ಹುಣಸೆಹಣ್ಣು ಹಿಡಿದವರ ಕಣ್ಣಿಗೆ ಬರೀ ಹೊಲಸು ಸಾಮಾನು. ಮನೆಯವರಿಗೆಲ್ಲ ಮೊದಲೇ ಹೇಳಿಡಿ. ನಮ್ಮಲ್ಲಿ ಒಪ್ಪಂದ ಆಗಿದೆ. ಅಡುಗೆಮನೆ ಕಡೆಯ ಆಲಿಕೆ ಅತ್ತೆಯವರದು, ಫಳಫಳ ಹೊಳೆಯುತ್ತದೆ. ಶೆಡ್ಡಿನ ಕಡೆಯದು ನನ್ನದು.